ಕೋಟಾ ಎಂಬ ಕೊಂಕು ಮಾತು



ಗಚ್ಚಿಬೌಲಿಯ ಕಚೇರಿಗಳಲ್ಲಿ ಹೊಸದಾಗಿ ಸೇರಿದ ಹೆಣ್ಣುಮಗಳ ಬೆನ್ನ ಹಿಂದೆ ಒಂದು ಮಾತು ಓಡಾಡುತ್ತದೆ: “ಕೋಟಾದಲ್ಲಿ ಬಂದವಳು.” ಇದಕ್ಕೆ ಉತ್ತರ ನಮ್ಮ ಹೈದರಾಬಾದಿನ ಪ್ರಕರಣವೊಂದರಲ್ಲೇ ಇದೆ.

ಸರ್ಕಾರಿ ನೇಮಕಾತಿಯಲ್ಲಿ ಅರ್ಹತೆ ಸಮನಾಗಿದ್ದರೆ ಮಹಿಳೆಗೆ ಆದ್ಯತೆ, ಕನಿಷ್ಠ ಶೇ. 30 ಹುದ್ದೆ ಎಂದು 1984ರಲ್ಲಿ ಆಂಧ್ರಪ್ರದೇಶ ನಿಯಮ ಮಾಡಿತು. ಹೈಕೋರ್ಟ್ ಅದನ್ನು ರದ್ದುಪಡಿಸಿತು. 1995ರಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 15(3)ನೇ ವಿಧಿಯ ಆಧಾರದಲ್ಲಿ ನಿಯಮವನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸುಜಾತಾ ಮನೋಹರ್.

ಖಾಸಗಿ ಕಂಪನಿಗಳಿಗೆ ಆ ನಿಯಮ ಅನ್ವಯಿಸದು. ಆದರೂ ಅದರ ಮೊದಲ ಮಾತು ನೆನಪಿರಲಿ: ಅರ್ಹತೆ ಸಮನಾಗಿದ್ದರೆ. ಸಂದರ್ಶನ ನಡೆಸುವ ಗೆಳತಿಯರೇ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ. ಹುಡುಗನಿಗೆ ಕೇಳದ “ಮದುವೆ ಯಾವಾಗ?” ಹುಡುಗಿಗೂ ಬೇಡ.