ಪರ್ವತ ಪ್ರವಾಸಿಗಳ ಛಾಯಾಚಿತ್ರಗಳು

ಉತ್ತರದ ಯಾತ್ರೆಯನ್ನು ಮುಗಿಸಿಕೊಂಡು ಬಂದವರ ಮನೆಗೆ ಹೋದರೆ ನಮಗೆ ಎರಡು ವಸ್ತುಗಳು ತಪ್ಪದೆ ದೊರೆಯುತ್ತವೆ. ಒಂದು ಗಂಗೋದಕ, ಇನ್ನೊಂದು ಛಾಯಾಚಿತ್ರ. ಗಂಗೋದಕವನ್ನು ಒಂದು ಉದ್ಧರಣೆಯಷ್ಟು ಕೊಟ್ಟು ನಿಲ್ಲಿಸುತ್ತಾರೆ. ಚಿತ್ರಗಳ ವಿಷಯದಲ್ಲಿ ಅಂತಹ ಮಿತಿ ಕಂಡುಬರುವುದಿಲ್ಲ. ಹಿಂದೆ ಅವು ಕಪ್ಪು ಕಾಗದದ ಆಲ್ಬಮ್ಮಿನಲ್ಲಿ ಅಂಟಿಕೊಂಡಿರುತ್ತಿದ್ದುವು. ಈಗ ಅಂಗೈಯಲ್ಲಿ ಹಿಡಿಯುವ ಮೊಬೈಲಿನಲ್ಲಿ ನೂರಾರಾಗಿ ತುಂಬಿಕೊಂಡಿರುತ್ತವೆ. ನೋಡುವವರು ಒಂದು ಬೆಳ್ಳನೆಯ ಶಿಖರವನ್ನು ಮೆಚ್ಚಿ, “ಇದು ಯಾವ ಬೆಟ್ಟ?” ಎಂದು ಕೇಳಿದರೆ, “ಬದರಿಯ ದಾರಿಯದೋ ಕೇದಾರದ ದಾರಿಯದೋ, ಈಗ ನೆನಪಾಗುವುದಿಲ್ಲ; ಒಟ್ಟಿನಲ್ಲಿ ಹಿಮಾಲಯ” ಎಂಬ ಉತ್ತರ ಬರುತ್ತದೆ. ಕೇಳಿದವರಿಗೂ ಅಷ್ಟರಿಂದ ತೃಪ್ತಿಯಾಗುತ್ತದೆ.

ಈ ಉತ್ತರದಲ್ಲಿ ಏನೋ ಒಂದು ನಷ್ಟವಿದೆ ಎಂಬುದನ್ನು ತಮ್ಮ ಗಮನಕ್ಕೆ ತರುವುದೇ ಈ ದಿನದ ನನ್ನ ಉದ್ದೇಶ. ಪ್ರವಾಸಿಯು ಚಿತ್ರವನ್ನು ತೆಗೆಯುವುದು ಸೌಂದರ್ಯಕ್ಕಾಗಿ. ಕಾಲವು ಅದನ್ನು ಉಳಿಸಿಕೊಳ್ಳುವುದು ಸಾಕ್ಷ್ಯಕ್ಕಾಗಿ. ತೆಗೆದವನು ಕನಸಿನಲ್ಲಿಯೂ ಎಣಿಸದಿದ್ದ ಪ್ರಯೋಜನಕ್ಕೆ ಆತನ ಚಿತ್ರವು ನೂರು ವರ್ಷಗಳ ಮೇಲೆ ಒದಗುವುದುಂಟು. ಆದರೆ ಹಾಗೆ ಒದಗಬೇಕಾದರೆ ಅದು ಎಲ್ಲಿಯದು, ಎಂದಿನದು ಎಂಬ ಎರಡು ಮಾತುಗಳು ಅದರ ಜೊತೆಯಲ್ಲಿರಬೇಕು.

ಹಿಮಾಲಯದ ಚಿತ್ರಗಳ ಕಥೆಯನ್ನು ಸ್ಯಾಮುಯಲ್ ಬೋರ್ನರಿಂದ ಆರಂಭಿಸುವುದು ಉಚಿತ. ಇವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಬ್ಯಾಂಕಿನ ಗುಮಾಸ್ತರಾಗಿದ್ದವರು. ಆ ಕೆಲಸವನ್ನು ಬಿಟ್ಟು 1863ರಲ್ಲಿ ಹಿಂದೂಸ್ಥಾನಕ್ಕೆ ಬಂದರು. 1863, 1864 ಮತ್ತು 1866ರಲ್ಲಿ ಮೂರು ಸಲ ಹಿಮಾಲಯದೊಳಕ್ಕೆ ಪ್ರವಾಸ ಹೋದರು. ಆಗಿನ ಛಾಯಾಗ್ರಹಣವೆಂದರೆ ಗುಂಡಿಯನ್ನು ಒತ್ತುವ ಕೆಲಸವಲ್ಲ. ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಸಮನಾಗಿ ಹರಡಿ, ಕತ್ತಲೆಯ ಗುಡಾರದಲ್ಲಿ ಬೆಳ್ಳಿಯ ಲವಣದ ನೀರಿನಲ್ಲಿ ಅದನ್ನು ಅದ್ದಿ, ಇನ್ನೂ ಒದ್ದೆಯಾಗಿರುವಾಗಲೇ ಕ್ಯಾಮೆರಾದಲ್ಲಿಟ್ಟು ಬೆಳಕು ತೋರಿಸಿ, ಒಣಗುವುದಕ್ಕೆ ಮುಂಚೆ ಮತ್ತೆ ಗುಡಾರಕ್ಕೆ ತಂದು ಚಿತ್ರವನ್ನು ಮೂಡಿಸಬೇಕು. ಇವೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಎಂದಮೇಲೆ ಚಿತ್ರ ತೆಗೆಯುವ ಸ್ಥಳಕ್ಕೆ ಒಂದು ರಸಾಯನಶಾಲೆಯನ್ನೇ ಹೊತ್ತುಕೊಂಡು ಹೋಗಬೇಕಾಯಿತು. ಗಾಜು, ಔಷಧಗಳ ಸೀಸೆ, ಗುಡಾರ, ಆಹಾರ ಎಲ್ಲವನ್ನೂ ಹತ್ತಾರು ಮಂದಿ ಹೊರೆಯಾಳುಗಳು ಬೆನ್ನಿನ ಮೇಲೆ ಹೊತ್ತರು. ಹೀಗೆ 1866ರಲ್ಲಿ ಬೋರ್ನರು ಸುಮಾರು 18,600 ಅಡಿ ಎತ್ತರದ ಮಣಿರಂಗ್ ಕಣಿವೆಯ ಮೇಲೆ ನಿಂತು ಚಿತ್ರ ತೆಗೆದರು. ಅದಾದ ಮೇಲೆ ಸುಮಾರು ಇಪ್ಪತ್ತು ವರ್ಷಗಳ ಕಾಲ ಅದಕ್ಕಿಂತ ಎತ್ತರದಲ್ಲಿ ಯಾರೂ ಚಿತ್ರ ತೆಗೆಯಲಿಲ್ಲವೆಂದು ಹೇಳುತ್ತಾರೆ.

ಇಷ್ಟು ಕಷ್ಟಪಟ್ಟವರು ಹಿಮಾಲಯವನ್ನು ಕಂಡು ಪೂರ್ತಿಯಾಗಿ ಸಂತೋಷಪಟ್ಟರೆ? ಇಲ್ಲ. ತಮ್ಮ ದೇಶದ ಚಿತ್ರಕಾರರು ಕಲಿಸಿದ್ದ ಅಭಿರುಚಿಯಂತೆ ಒಂದು ಕೊಳ, ಅದರ ದಡದಲ್ಲಿ ಒಂದು ಮರ, ಹಿಂದೆ ಹದವಾದ ಒಂದು ಗುಡ್ಡ, ಇಷ್ಟನ್ನು ಅವರ ಕಣ್ಣು ಹುಡುಕುತ್ತಿತ್ತು. ಹಿಮಾಲಯವೋ ಯಾವ ಚೌಕಟ್ಟಿಗೂ ಒಗ್ಗದಷ್ಟು ವಿಶಾಲ. ಈ ಅಸಮಾಧಾನವನ್ನು ಅವರು ಬರೆದಿಟ್ಟಿದ್ದಾರೆ. ಕೂಲಿಗಳು ನಡುದಾರಿಯಲ್ಲಿ ಹೊರೆಯನ್ನು ಇಳಿಸಿ ಹೋದರೆಂಬ ದೂರನ್ನೂ, ತಾವು ಅವರೊಡನೆ ಕಠಿನವಾಗಿ ನಡೆದುಕೊಂಡುದನ್ನೂ ಬರೆದಿದ್ದಾರೆ. ಆ ಹೊರೆಯಾಳುಗಳ ಪಕ್ಷದ ಮಾತನ್ನು ಬರೆದಿಟ್ಟವರಿಲ್ಲ. ಅವರ ಬೆನ್ನಿಲ್ಲದಿದ್ದರೆ ಆ ಚಿತ್ರಗಳಲ್ಲಿ ಒಂದೂ ಇರುತ್ತಿರಲಿಲ್ಲವೆಂಬುದು ಮಾತ್ರ ನಿಶ್ಚಯ.

ಅದೇ 1866ರ ಪ್ರವಾಸದಲ್ಲಿ ಬೋರ್ನರು ಗೋಮುಖದ ಚಿತ್ರವನ್ನು ತೆಗೆದರು. ಭಾಗೀರಥಿಯು ಹಿಮನದಿಯ ಗುಹೆಯಿಂದ ಹೊರಬರುವ ಆ ಸ್ಥಳವು ನಮ್ಮವರಿಗೆ ತೀರ್ಥ. ಅವರಿಗೆ ಒಂದು ಅಪೂರ್ವ ದೃಶ್ಯ. ಈಗಿನ ಭೂವಿಜ್ಞಾನಿಗಳಿಗಾದರೋ ಅದು ಒಂದು ದಾಖಲೆ. 1935ರಲ್ಲಿ ಭೂಗರ್ಭ ಸಮೀಕ್ಷಾ ಇಲಾಖೆಯ ಆಡೆನ್ನರು ಗಂಗೋತ್ರಿ ಹಿಮನದಿಯ ಮುಖವನ್ನು ಅಳೆದು ನಕ್ಷೆ ತೆಗೆದರು. ಆ ಮುಖವು 1996ರ ವೇಳೆಗೆ ಒಂದು ಕಿಲೋಮೀಟರಿಗಿಂತಲೂ ಹೆಚ್ಚಾಗಿ ಹಿಂದಕ್ಕೆ ಸರಿದಿತ್ತು. ನಮ್ಮ ಅಜ್ಜಂದಿರು ಸ್ನಾನ ಮಾಡಿದ ಗೋಮುಖವೂ ಈಗಿನವರು ಸ್ನಾನ ಮಾಡುವ ಗೋಮುಖವೂ ಹೆಸರಿನಲ್ಲಿ ಒಂದೇ ಹೊರತು ಸ್ಥಳದಲ್ಲಿ ಒಂದಲ್ಲ.

ಬೋರ್ನರ ತರುವಾಯ ನಾವು ನೆನೆಯಬೇಕಾದವರು ಇಟಲಿಯ ವಿಟ್ಟೋರಿಯೋ ಸೆಲ್ಲಾ. ಬಿಯೆಲ್ಲಾ ಎಂಬ ಊರಿನ ಈ ಮಹನೀಯರು 1859ರಲ್ಲಿ ಹುಟ್ಟಿ 1943ರಲ್ಲಿ ತೀರಿಕೊಂಡರು. ಆಲ್ಪ್ಸ್ ಪರ್ವತಗಳಲ್ಲಿ ಅವರು ಮೊದಮೊದಲು ಬಳಸಿದ ಗಾಜು 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ್ದು. 1899ರಲ್ಲಿ ಡಗ್ಲಸ್ ಫ್ರೆಷ್‌ಫೀಲ್ಡರೊಡನೆ ಕಾಂಚನಗಂಗಾ ಪರ್ವತವನ್ನು ಸುತ್ತಿದರು; 1909ರಲ್ಲಿ ಅಬ್ರುಜ್ಜಿಯ ಡ್ಯೂಕರೊಡನೆ ಕಾರಾಕೋರಂ ಶ್ರೇಣಿಗೆ ಹೋಗಿ ಕೆ-2 ಶಿಖರವನ್ನು ಚಿತ್ರಿಸಿದರು. ಬೋರ್ನರು ಹಿಮಾಲಯದಲ್ಲಿ ತಮ್ಮ ದೇಶದ ಚೆಲುವನ್ನು ಹುಡುಕಿದರೆ, ಸೆಲ್ಲಾರವರು ಪರ್ವತವನ್ನು ಅದರ ಪಾಡಿಗೆ ಬಿಟ್ಟು, ಅದರ ಬಿರುಕು, ಮಡಿಕೆ, ಮಂಜಿನ ಅಂಚುಗಳೊಂದನ್ನೂ ಬಿಡದೆ ಬರೆದುಕೊಂಡರು. ಅವರ ಚಿತ್ರಗಳನ್ನು ಮುಂದೆ ಪರ್ವತಾರೋಹಿಗಳು ದಾರಿ ಹುಡುಕುವುದಕ್ಕೂ ಉಪಯೋಗಿಸಿಕೊಂಡರು.

ಎವರೆಸ್ಟಿನ ಕಥೆಯಲ್ಲಿ ಸ್ವಲ್ಪ ಹಾಸ್ಯವೂ ಬಹಳ ದುಃಖವೂ ಸೇರಿಕೊಂಡಿವೆ. 1921ರಲ್ಲಿ ಟಿಬೆಟ್ಟಿನ ಕಡೆಯಿಂದ ದಾರಿಯನ್ನು ಪರೀಕ್ಷಿಸಲು ಹೋದ ತಂಡದಲ್ಲಿ ಜಾರ್ಜ್ ಮ್ಯಾಲರಿ ಇದ್ದರು. ಅಸಾಧಾರಣ ಪರ್ವತಾರೋಹಿ, ಯಂತ್ರಗಳ ವಿಷಯದಲ್ಲಿ ಮಾತ್ರ ಅಷ್ಟಕ್ಕಷ್ಟೆ. ವಾರಗಟ್ಟಲೆ ಶ್ರಮಪಟ್ಟು ತೆಗೆದ ಚಿತ್ರಗಳಲ್ಲಿ ಒಂದೂ ಮೂಡಿರಲಿಲ್ಲ. ಗಾಜಿನ ಹಲಗೆಗಳನ್ನು ಹಿಂದುಮುಂದಾಗಿ ಇಟ್ಟಿದ್ದರು! ಪಾಪ, ಮತ್ತೆ ಅದೇ ಎತ್ತರಗಳನ್ನು ಹತ್ತಿ, ಸಾಧ್ಯವಾದಷ್ಟು ಚಿತ್ರಗಳನ್ನು ಎರಡನೆಯ ಸಲ ತೆಗೆದುಕೊಂಡು ಬಂದರು. ಮೂರು ವರ್ಷಗಳ ಮೇಲೆ, 1924ರ ಜೂನ್ 8ರಂದು, ಮ್ಯಾಲರಿಯವರೂ ತರುಣರಾದ ಇರ್ವಿನ್ನರೂ ಶಿಖರದ ಕಡೆಗೆ ಏರುತ್ತಿದ್ದವರು ಮಂಜಿನಲ್ಲಿ ಮರೆಯಾದರು. ಮ್ಯಾಲರಿಯವರ ದೇಹವು 1999ರಲ್ಲಿ ದೊರೆಯಿತು. ಇರ್ವಿನ್ನರ ಹೆಸರು ಹೊಲಿದಿದ್ದ ಕಾಲುಚೀಲವೊಂದು ಪಾದರಕ್ಷೆಯೊಡನೆ 2024ರಲ್ಲಿ ಹಿಮನದಿಯ ಮೇಲೆ ದೊರೆಯಿತು. ಅವರು ಕೊಂಡೊಯ್ದಿದ್ದ ಚಿಕ್ಕ ಕೊಡಾಕ್ ಕ್ಯಾಮೆರಾ ಮಾತ್ರ ದೊರೆತಿಲ್ಲ. ಶಿಖರವನ್ನು ಮುಟ್ಟಿದರೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರವು ಅದರೊಳಗಿನ ಫಿಲ್ಮಿನಲ್ಲಿ ಇದ್ದರೂ ಇರಬಹುದು.

ಆ ಪ್ರಶ್ನೆಗೆ ಉತ್ತರ ಸಿಗದಿದ್ದರೂ ಮ್ಯಾಲರಿಯವರ 1921ರ ಚಿತ್ರವೊಂದು ಮತ್ತೊಂದು ಪ್ರಶ್ನೆಗೆ ಉತ್ತರ ಕೊಟ್ಟಿತು. ಅಮೆರಿಕದ ಡೇವಿಡ್ ಬ್ರೆಷಿಯರ್ಸ್ ಎಂಬ ಪರ್ವತಾರೋಹಿಗಳು ಎವರೆಸ್ಟಿನ ಉತ್ತರದಲ್ಲಿರುವ ರೊಂಗ್‌ಬುಕ್ ಹಿಮನದಿಯ ಆ ಚಿತ್ರವನ್ನು ಕೈಯಲ್ಲಿ ಹಿಡಿದು, ಮ್ಯಾಲರಿಯವರು ನಿಂತ ಸ್ಥಳವನ್ನೇ ಹುಡುಕಿ, 2007ರಲ್ಲಿ ಅದೇ ದೃಶ್ಯವನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಿವರಣೆಯೇ ಬೇಕಾಗುವುದಿಲ್ಲ. ಹಳೆಯ ಚಿತ್ರದಲ್ಲಿ ಕಣಿವೆಯ ತುಂಬ ಬಿಳಿಯ ಮಂಜುಗಡ್ಡೆ ಗೋಪುರಗಳಂತೆ ನಿಂತಿದೆ. ಹೊಸ ಚಿತ್ರದಲ್ಲಿ ಕಲ್ಲು, ಮಣ್ಣು, ಬರಿಯ ತಗ್ಗು. ಹಿಮದ ಮಟ್ಟವು ಸುಮಾರು 100 ಮೀಟರಿನಷ್ಟು ಇಳಿದುಹೋಗಿತ್ತು. ಮ್ಯಾಲರಿಯವರು ನೋಡುತ್ತಿದ್ದುದು ಶಿಖರಕ್ಕೆ ಏರುವ ದಾರಿಯನ್ನು. ಅವರ ಕ್ಯಾಮೆರಾ ಹಿಮದ ಲೆಕ್ಕವನ್ನೂ ಬರೆದುಕೊಂಡಿತ್ತು.

ಸಾಕ್ಷಿಯ ಗುಣವೆಂದರೆ ನಾವು ನಿರೀಕ್ಷಿಸಿದ್ದನ್ನೇ ಹೇಳದಿರುವುದು. 2009ರಲ್ಲಿ ಇಟಲಿಯ ಫಾಬಿಯಾನೋ ವೆಂಟುರಾ ಅವರು ಸೆಲ್ಲಾರವರ ಹೆಜ್ಜೆಯನ್ನೇ ಹಿಡಿದು ಕಾರಾಕೋರಂ ಪ್ರಾಂತಕ್ಕೆ ಹೋಗಿ, ನೂರು ವರ್ಷದ ಹಿಂದಿನ ದೃಶ್ಯಗಳನ್ನು ಮತ್ತೆ ತೆಗೆದರು. ಅಲ್ಲಿನ ದೊಡ್ಡ ಹಿಮನದಿಗಳು ಇತರ ಕಡೆಗಳಂತೆ ಕುಗ್ಗಿರಲಿಲ್ಲ. ಅಲ್ಲಿನ ಹವೆಯೂ ಚಳಿಗಾಲದ ಹಿಮಪಾತವೂ ಬೇರೆ ಬಗೆಯವು. ಹಲವು ಹಿಮನದಿಗಳ ಮೈಯನ್ನು ಕಲ್ಲುಮಣ್ಣಿನ ಹೊದಿಕೆ ಮುಚ್ಚಿದೆ. ವಿಜ್ಞಾನಿಗಳು ಇದನ್ನು ಕಾರಾಕೋರಂ ವೈಪರೀತ್ಯವೆಂದೇ ಕರೆದು ಚರ್ಚಿಸುತ್ತಿದ್ದಾರೆ. ಒಂದೇ ಬಗೆಯ ಹಳೆಯ ಚಿತ್ರ ಒಂದು ಕಡೆ ನಷ್ಟವನ್ನು ತೋರಿಸಿತು. ಇನ್ನೊಂದು ಕಡೆ ಅವಸರದ ತೀರ್ಮಾನವನ್ನು ತಡೆಯಿತು. ಎರಡೂ ಉಪಕಾರವೇ ಸರಿ.

ಪರ್ವತವು ನಿಂತಲ್ಲಿಯೇ ನಿಂತಿರುತ್ತದೆ. ನಾವು ಮತ್ತೆ ಹೋಗಿ ನೋಡಬಹುದು. ಪರ್ವತದ ಮೃಗಗಳ ವಿಷಯ ಹಾಗಲ್ಲ. ಒಂದು ಕಾಲದಲ್ಲಿ ಮೃಗವನ್ನು ಕಂಡುದಕ್ಕೆ ಸಾಕ್ಷಿಯೆಂದರೆ ಗೋಡೆಯ ಮೇಲಿನ ತಲೆ, ನೆಲದ ಮೇಲಿನ ಚರ್ಮ. ಆ ಪದ್ಧತಿಗೆ ಬದಲಾಗಿ ಚಿತ್ರವೇ ಸಾಕೆಂದು ತೋರಿಸಿಕೊಟ್ಟವರಲ್ಲಿ ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿಗಳಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ನರು ಪ್ರಮುಖರು. ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಹುಲಿ ನಡೆಯುವ ದಾರಿಗೆ ಅಡ್ಡಲಾಗಿ ಅವರು ಸಣ್ಣ ತಂತಿಯನ್ನು ಕಟ್ಟುತ್ತಿದ್ದರು. ಹುಲಿಯ ಕಾಲು ತಾಗಿದೊಡನೆ ಮಿಂಚಿನಂತೆ ಬೆಳಕು ಹೊತ್ತಿ, ತನ್ನ ಚಿತ್ರವನ್ನು ತಾನೇ ತೆಗೆದುಕೊಂಡಂತಾಗುತ್ತಿತ್ತು. ಈ ಚಿತ್ರಗಳ ಗ್ರಂಥವು 1927ರಲ್ಲಿ ಪ್ರಕಟವಾಯಿತು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಚಿತ್ರಗಳನ್ನು ಹೋಲಿಸಿ ಒಂದೊಂದನ್ನೂ ಗುರುತಿಸಬಹುದೆಂಬುದನ್ನು ಅವರು ಕಂಡುಕೊಂಡಿದ್ದರು. ಇದೇ ತತ್ತ್ವವನ್ನು 1990ರ ದಶಕದ ಆರಂಭದಲ್ಲಿ ನಮ್ಮ ನಾಗರಹೊಳೆಯ ಕಾಡಿನಲ್ಲಿ ಡಾ. ಉಲ್ಲಾಸ ಕಾರಂತರು ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ಶಾಸ್ತ್ರವಾಗಿ ಬೆಳೆಸಿದರು.

ಎತ್ತರದ ಬೆಟ್ಟಗಳ ಹಿಮಚಿರತೆಯಾದರೋ ಹುಲಿಗಿಂತಲೂ ದುರ್ಲಭದರ್ಶನ. ಅದರ ಬೂದುಬಣ್ಣವು ಬಂಡೆಯ ಬಣ್ಣದಲ್ಲಿ ಕರಗಿಹೋಗುತ್ತದೆ. 1970ರ ಡಿಸೆಂಬರಿನಲ್ಲಿ ಚಿತ್ರಾಲ್ ಪ್ರಾಂತದಲ್ಲಿ ಜಾರ್ಜ್ ಶಾಲರ್ ಅವರು ಅದರ ಚಿತ್ರಗಳನ್ನು ತೆಗೆದು, 1971ರಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆಯಲ್ಲಿ ಅವು ಪ್ರಕಟವಾದಾಗ, ಕಾಡಿನಲ್ಲಿ ಸ್ವತಂತ್ರವಾಗಿರುವ ಹಿಮಚಿರತೆಯನ್ನು ಲೋಕವು ಮೊದಲ ಸಲ ನೋಡಿತು. ಆ ಒಂದೆರಡು ಚಿತ್ರಗಳಿಂದ ಈಗ ಎಷ್ಟು ದೂರ ಬಂದಿದ್ದೇವೆ! 2019ರಿಂದ 2023ರವರೆಗೆ ನಮ್ಮ ದೇಶದಲ್ಲಿ ನಡೆದ ಮೊದಲ ಸಮಗ್ರ ಗಣತಿಯಲ್ಲಿ 1,971 ಸ್ಥಳಗಳಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳನ್ನು ಇಟ್ಟಿದ್ದರು. ಮೈಮೇಲಿನ ಮಚ್ಚೆಗಳ ವಿನ್ಯಾಸದಿಂದ 241 ಚಿರತೆಗಳನ್ನು ಬೇರೆಬೇರೆಯಾಗಿ ಗುರುತಿಸಿ, ಅದರ ಆಧಾರದ ಮೇಲೆ ಒಟ್ಟು 718 ಇರಬಹುದೆಂದು ಅಂದಾಜು ಮಾಡಿದರು. ಅವುಗಳಲ್ಲಿ 477 ಲಡಾಖಿನವು. ಈ ಕ್ಯಾಮೆರಾಗಳ ಹಿಂದೆ ಕಲಾವಿದನಿಲ್ಲ, ಸಂಯೋಜನೆಯಿಲ್ಲ, ಎಷ್ಟೋ ಚಿತ್ರಗಳಲ್ಲಿ ಬಾಲ ಮಾತ್ರ ಇರುತ್ತದೆ. ಆದರೂ ಸ್ಥಳ, ದಿನ, ಗಳಿಗೆ ಇವು ಪ್ರತಿಯೊಂದರ ಮೇಲೂ ಬಿದ್ದಿರುತ್ತವೆ. ಅದರಿಂದಲೇ ಅವುಗಳ ಮಾತಿಗೆ ಬೆಲೆ.

ಇದನ್ನು ಕೇಳಿ, ಹಾಗಾದರೆ ಚೆಲುವಿಗೆ ಬೆಲೆಯೇ ಇಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಇದೆ, ಚೆಲುವಿನ ಆಸೆಯಿಲ್ಲದಿದ್ದರೆ ಬೋರ್ನರು ಮಣಿರಂಗಿಗೆ ಏರುತ್ತಿರಲಿಲ್ಲ. ಆದರೆ ಚೆಲುವಿನ ಆಸೆಯು ಮಿತಿ ಮೀರಿದರೆ ಅದೂ ಒಂದು ಬಗೆಯ ಬೇಟೆಯೇ ಆಗುತ್ತದೆ. ಒಂದು ಚಿರತೆ ಕಂಡಿತೆಂದು ಹತ್ತು ವಾಹನಗಳು ಒಟ್ಟಿಗೆ ಓಡಿ, ಅದರ ದಾರಿಯನ್ನು ಕಟ್ಟುವುದುಂಟು. ಗೂಡಿನಲ್ಲಿರುವ ಹಕ್ಕಿಯು ಹಾರಿಹೋಗಿ ಮೊಟ್ಟೆ ತಣ್ಣಗಾಗುವವರೆಗೆ ಎದುರಿನಲ್ಲಿ ನಿಲ್ಲುವುದುಂಟು. ಇಂತಹ ಚಿತ್ರವನ್ನು ಗೋಡೆಗೆ ತೂಗುಹಾಕಿದರೆ ಅದು ಹಳೆಯ ಕಾಲದ ಚರ್ಮಕ್ಕಿಂತ ಬಹಳ ಭಿನ್ನವಲ್ಲ. ಮೃಗವು ನಮ್ಮನ್ನು ಕಂಡು ತನ್ನ ಕೆಲಸವನ್ನು ನಿಲ್ಲಿಸಿದ ಕ್ಷಣದಲ್ಲಿಯೇ ನಾವು ಒಂದು ಹೆಜ್ಜೆ ಹೆಚ್ಚಾಗಿ ಹತ್ತಿರ ಹೋದೆವೆಂದು ತಿಳಿಯಬೇಕು.

ಇನ್ನು ಯಾತ್ರೆಗೆ ಹೊರಡುವವರಲ್ಲಿ ನನ್ನ ವಿಜ್ಞಾಪನೆ ಸಣ್ಣದು. ಚಿತ್ರಗಳನ್ನು ಧಾರಾಳವಾಗಿ ತೆಗೆಯಿರಿ. ಆದರೆ ರಾತ್ರಿ ಬಿಡಾರಕ್ಕೆ ಬಂದ ಮೇಲೆ ಐದು ನಿಮಿಷ ಕುಳಿತು, ಯಾವ ಊರು, ಯಾವ ದಿಕ್ಕು, ಯಾವ ದಿನ ಎಂಬುದನ್ನು ಬರೆದಿಡಿ. ಮೊಬೈಲೇ ಅದನ್ನು ಬರೆದುಕೊಳ್ಳುತ್ತದೆಂದು ನಂಬಿ ಕೂಡಬೇಡಿ. ಚಿತ್ರವು ಒಬ್ಬರಿಂದೊಬ್ಬರಿಗೆ ಹೋಗುವಾಗ ಆ ಬರಹವು ಎಷ್ಟೋ ಸಲ ಅಳಿಸಿಹೋಗುತ್ತದೆ. ನಿಮ್ಮ ಸಾಮಾನನ್ನು ಹೊತ್ತವರ ಹೆಸರನ್ನು ಕೇಳಿ ಅದನ್ನೂ ಬರೆದುಕೊಳ್ಳಿ. ಬೋರ್ನರು ಮಾಡದೆ ಬಿಟ್ಟ ಕೆಲಸ ಅದು. ಅಪರೂಪದ ಮೃಗ ಕಂಡರೆ ಸ್ಥಳವನ್ನು ಹತ್ತು ಮಂದಿಗೆ ಸಾರದೆ, ಅರಣ್ಯ ಇಲಾಖೆಯವರಿಗೆ ತಿಳಿಸಿ. ಮನೆಯಲ್ಲಿ ತಂದೆತಾಯಿಗಳ ಕಾಲದ ಆಲ್ಬಮ್ಮು ಇದ್ದರೆ, ಹೇಳಬಲ್ಲ ಹಿರಿಯರು ಇನ್ನೂ ಇರುವಾಗಲೇ ಕೇಳಿ, ಪ್ರತಿಯೊಂದರ ಹಿಂದೆಯೂ ಎರಡು ಪಂಕ್ತಿ ಬರೆಯಿರಿ.

ಮುಂದೆ ಎಂದೋ ನಮ್ಮ ಮೊಮ್ಮಕ್ಕಳಲ್ಲಿ ಒಬ್ಬರು ಗೋಮುಖದ ದಾರಿಯಲ್ಲಿ ನಿಂತು, ನೀವು ತೆಗೆದ ಚಿತ್ರವನ್ನು ಎದುರಿನ ಬೆಟ್ಟಕ್ಕೆ ಹಿಡಿದು, “ಆಗ ಹಿಮ ಇಲ್ಲಿಯವರೆಗೆ ಇತ್ತು” ಎಂದು ಬೆರಳಿಟ್ಟು ತೋರಿಸುವಂತಾಗಬಹುದು. ಆ ಬೆರಳು ಎಲ್ಲಿಡಬೇಕೆಂಬುದು ನೀವು ಚಿತ್ರದ ಹಿಂದೆ ಬರೆದ ಎರಡು ಪಂಕ್ತಿಗಳಿಂದ ಗೊತ್ತಾಗಬೇಕು.