ಮೇನ್ ಆಫ್ ಮಾಡಿದರೆ ಕರೆಂಟ್ ಹೋಯಿತೇ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹತ್ತು ನಿಮಿಷ ಮಾತಾಡು ಅಂತ ಹೆಡ್‌ಮಾಸ್ಟರ್ ಹೇಳಿದಾಗ, ಸಾಫ್ಟ್‌ವೇರ್ ಕೆಲಸ ಸಿಗುವುದು ಹೇಗೆ ಅಂತ ಹೇಳುತ್ತೇನೆ ಎಂದು ಅವರು ಅಂದುಕೊಂಡಿದ್ದರೋ ಏನೋ. ಅದನ್ನು ಊಟದ ಹೊತ್ತಿನಲ್ಲಿ ಕೇಳಿ, ಹೇಳುತ್ತೇನೆ. ನಾನು ಬಿ.ಇ. ಓದಿದ್ದು ಎಲೆಕ್ಟ್ರಿಕಲ್, ಅನ್ನ ಹುಟ್ಟುತ್ತಿರುವುದು ಸಾಫ್ಟ್‌ವೇರ್‌ನಲ್ಲಿ. ಓದಿದ್ದನ್ನು ನಮ್ಮ ಮನೆಯಲ್ಲಿ ಒಂದೇ ಒಂದು ಸಲ ಉಪಯೋಗಿಸಲು ಹೋಗಿ ಏನು ಮಾಡಿಕೊಂಡೆ ಅನ್ನುವುದನ್ನು ಇವತ್ತು ಹೇಳುತ್ತೇನೆ.

ಮೂರು ವರ್ಷದ ಹಿಂದೆ ಯುಗಾದಿಗೆ ಬಂದಿದ್ದೆ. ವಾಷಿಂಗ್ ಮೆಷಿನ್ ಮುಟ್ಟಿದರೆ ಜುಮ್ ಅನ್ನುತ್ತೆ ಕಣಪ್ಪ ಅಂದಳು ಅವ್ವ. ಎರಡು ತಿಂಗಳಿಂದ ಚಪ್ಪಲಿ ಹಾಕಿಕೊಂಡು ಬಟ್ಟೆ ಒಗೆಯುತ್ತಿದ್ದಳಂತೆ! ನಮ್ಮ ಮನೆಯಲ್ಲಿ ಮೇನ್ ಸ್ವಿಚ್ಚಿನ ಕೆಳಗೆ ನಾಲ್ಕು ಎಂಸಿಬಿ ಇದ್ದವು. ಎಂಸಿಬಿ ಇದೆಯಲ್ಲ, ಇನ್ನೇನು ಭಯ ಅಂತ ಅಪ್ಪ. ಇಲ್ಲಿ ಎಷ್ಟೋ ಜನ ಹಾಗೇ ನಂಬಿದ್ದೀರಿ, ಅದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಹತ್ತನೇ ತರಗತಿ ಮಕ್ಕಳೇ, ಓಮನ ನಿಯಮ ಗೊತ್ತಲ್ಲ? ಮನೆಯ ವೋಲ್ಟೇಜ್ 230. ಒದ್ದೆ ಮೈಯ ರೋಧ ಸುಮಾರು 1000 ಓಮ್ ಅಂತ ಇಟ್ಟುಕೊಳ್ಳಿ. ಭಾಗಿಸಿದರೆ 0.23 ಆಂಪಿಯರ್. ಹಳೆಯ 60 ವ್ಯಾಟ್ ಬಲ್ಬು ಎಳೆಯುವುದು ಹೆಚ್ಚುಕಡಿಮೆ ಅಷ್ಟೇ. ಅದು ಎದೆಯ ಮೂಲಕ ಹಾದರೆ ಮನುಷ್ಯ ಹೋಗಿಬಿಡಬಹುದು. ಆದರೆ 16 ಆಂಪಿಯರಿನ ಎಂಸಿಬಿ ಅದನ್ನು ಬಲ್ಬು ಅಂತಲೇ ತಿಳಿದು ಸುಮ್ಮನಿರುತ್ತದೆ. ಅದು ಇರುವುದು ವೈರು ಸುಡದಿರಲಿ ಎಂದು, ನಮಗಾಗಿ ಅಲ್ಲ.

ನಮಗಾಗಿ ಇರುವುದು ಆರ್‌ಸಿಸಿಬಿ. ಅಂಗಡಿಯಲ್ಲಿ ಈಗಲೂ ಈಎಲ್‌ಸಿಬಿ ಅಂತಲೇ ಕೇಳುತ್ತಾರೆ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸು ಬಂತಾ ಅಂತ ಅದು ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಂದರೆ, ಅದು ಯಾರದೋ ಮೈಯಿಂದಲೋ ಒದ್ದೆ ಗೋಡೆಯಿಂದಲೋ ಭೂಮಿಗೆ ಹೋಗುತ್ತಿದೆ ಎಂದು ಲೆಕ್ಕ. ಹೆಚ್ಚೆಂದರೆ 0.3 ಸೆಕೆಂಡಿನಲ್ಲಿ ಕಟ್ ಆಗಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವನನ್ನು ಮಾತ್ರ ಅದೂ ಬಲ್ಬು ಅಂತಲೇ ತಿಳಿಯುತ್ತದೆ, ಅದು ಬೇರೆ ಮಾತು.

ಪೇಟೆಗೆ ಹೋಗಿ ಒಂದು ಆರ್‌ಸಿಸಿಬಿ ತಂದೆ. ಹಳೆಯ ಮೇನ್ ಸ್ವಿಚ್ ತೆಗೆದು ಆ ಜಾಗದಲ್ಲಿ ಅದನ್ನು ಕೂರಿಸುವುದು. ರಾತ್ರಿ ಬೆಂಗಳೂರಿನ ಬಸ್ಸು, ಲೈನ್‌ಮನ್ ಬರುವುದು ನಾಳೆ. ಮೇನ್ ಆಫ್ ಮಾಡಿದೆ, ಫ್ಯಾನ್ ನಿಂತಿತು. ಆದರೆ ಮೇನ್ ಆಫ್ ಮಾಡಿದರೆ ಕರೆಂಟು ಹೋಗುವುದು ಅದರಿಂದ ಆಚೆಗೆ ಮಾತ್ರ. ಮೀಟರಿನಿಂದ ಬಂದು ಅದೇ ಸ್ವಿಚ್ಚಿನ ನೆತ್ತಿಗೆ ಸೇರುವ ಎರಡು ವೈರಿಗೆ ನೀವು ಆಫ್ ಮಾಡಿದ್ದು ಗೊತ್ತೇ ಆಗುವುದಿಲ್ಲ. ನಾನು ಬಿಚ್ಚಬೇಕಿದ್ದದ್ದು ಅವನ್ನೇ. ನನಗೆ ತಿಳಿಯದೆ ಆಗಿದ್ದಲ್ಲ ಇದು, ಚೆನ್ನಾಗಿ ಗೊತ್ತಿತ್ತು. ಹಿಡಿಕೆ ಪ್ಲಾಸ್ಟಿಕ್ಕಿನ ಸ್ಕ್ರೂಡ್ರೈವರ್ ಇದೆ, ಒಂದೊಂದೇ ವೈರು ಬಿಚ್ಚಿದರಾಯಿತು, ಐದು ನಿಮಿಷ ಅಂದುಕೊಂಡೆ. ಅವ್ವ ಟಾರ್ಚ್ ಹಿಡಿದು ನಿಂತಿದ್ದಳು.

ಸ್ಕ್ರೂ ಸಡಿಲವಾಗುತ್ತಿದ್ದ ಹಾಗೆ ಫೇಸ್ ವೈರು ಚಿಮ್ಮಿ ಪಕ್ಕದ ನ್ಯೂಟ್ರಲ್ ಸ್ಕ್ರೂಗೆ ತಾಗಿತು. ಢಂ ಅಂದದ್ದು ಬೀದಿಗೆ ಕೇಳಿಸಿತಂತೆ. ಫ್ಯೂಸ್ ಹೋಗಲಿಲ್ಲ, ವೈರಿನ ತುದಿಯೇ ಕರಗಿ ಬಿದ್ದ ಮೇಲೆ ಬೆಂಕಿ ನಿಂತಿತು. ಎರಡು ಬೆರಳು ಸುಟ್ಟವು, ಹುಬ್ಬು ಹೋಯಿತು, ಸುಮಾರು ಹೊತ್ತು ಕಣ್ಣಿಗೆ ಬರೀ ಬಿಳಿ. ಅವ್ವ ಟಾರ್ಚ್ ಬಿಸಾಡಿ ನನ್ನ ಹೆಗಲು ಹಿಡಿದು ಎಳೆದಳು. ನಾನು ಕರೆಂಟಿಗೆ ಅಂಟಿಕೊಂಡಿದ್ದಿದ್ದರೆ ಅವಳೂ ನನ್ನ ಜೊತೆ ಹೋಗುತ್ತಿದ್ದಳು. ಈ ಮಾತು ನೆನೆದಾಗಲೆಲ್ಲ ನನಗೆ ಈಗಲೂ ನಿದ್ದೆ ಬರುವುದಿಲ್ಲ. ಹೊಸ ಆರ್‌ಸಿಸಿಬಿ ನನ್ನ ಜೇಬಿನಲ್ಲೇ ಇತ್ತು.

ಫ್ಯೂಸ್ ಯಾಕೆ ಹೋಗಲಿಲ್ಲ ಅಂತ ಮಾರನೆಯ ದಿನ ಗೊತ್ತಾಯಿತು. ಮೀಟರ್ ಪಕ್ಕದ ಕಟೌಟ್‌ನಲ್ಲಿ ಫ್ಯೂಸ್ ತಂತಿಯ ಬದಲು ದಪ್ಪ ತಾಮ್ರದ ವೈರು. ಅಕ್ಕನ ಮದುವೆಯಲ್ಲಿ ಸೀರಿಯಲ್ ಸೆಟ್ ಹಾಕಿದಾಗ ಪದೇಪದೇ ಫ್ಯೂಸ್ ಹೋಗುತ್ತೆ ಅಂತ ಅದನ್ನು ಕಟ್ಟಿದ್ದು ಬೇರೆ ಯಾರೂ ಅಲ್ಲ, ಪಿಯುಸಿ ಓದುತ್ತಿದ್ದ ನಾನೇ. ಭಲೇ ಹುಡುಗ ಅಂತ ಆವತ್ತು ಎಲ್ಲರೂ ಬೆನ್ನು ತಟ್ಟಿದ್ದರು.

ಆಫೀಸಿನಲ್ಲಿ ಜನ ಬಳಸುತ್ತಿರುವ ಸರ್ವರಿನಲ್ಲಿ ಒಂದು ಸಾಲು ಬದಲಾಯಿಸಲು ಇಬ್ಬರ ಒಪ್ಪಿಗೆ ಬೇಕು ನನಗೆ. ತಪ್ಪಾದರೆ ಹಿಂದಿನದಕ್ಕೆ ವಾಪಸು ಹೋಗಬಹುದು, ಆದರೂ ಬೇಕು. ಮನೆಯಲ್ಲಿ 230 ವೋಲ್ಟಿನ ಮುಂದೆ ಯಾರನ್ನೂ ಕೇಳಲಿಲ್ಲ.

ಮಾರನೆಯ ದಿನ ಲೈನ್‌ಮನ್ ಬಂದರು, ಜೊತೆಗೆ ಪರವಾನಗಿ ಇರುವ ವೈರ್‌ಮನ್ ಒಬ್ಬರು. ಆ ವೈರ್‌ಮನ್ ಓದಿದ್ದು ಇದೇ ಶಾಲೆಯಲ್ಲಿ, ನನಗಿಂತ ಹತ್ತು ವರ್ಷ ಮುಂಚೆ. ಲೈನ್‌ಮನ್ ಕಟೌಟ್ ಕಿತ್ತು ಶರ್ಟಿನ ಜೇಬಿಗೆ ಹಾಕಿಕೊಂಡರು. ಗೊತ್ತಿಲ್ಲದೆ ಯಾರಾದರೂ ಬಂದು ಸಿಕ್ಕಿಸಿಬಿಟ್ಟರೆ? ಜೇಬಿನಲ್ಲಿದ್ದರೆ ಸಿಕ್ಕಿಸುವುದು ಹೇಗೆ! ವೈರ್‌ಮನ್ ಮೊದಲು ಪಕ್ಕದ ಮನೆಯ ಪ್ಲಗ್ಗಿನಲ್ಲಿ ಟೆಸ್ಟರ್ ಇಟ್ಟು ಹತ್ತಿತಾ ನೋಡಿದರು, ಆಮೇಲೆ ನಮ್ಮ ಬಾಕ್ಸ್ ನೋಡಿದರು, ಮತ್ತೆ ಪಕ್ಕದ ಮನೆಗೆ ಹೋದರು. “ಯಾಕಣ್ಣ ಎರಡೆರಡು ಸಲ?” ಅಂದೆ. “ಮಧ್ಯದಲ್ಲಿ ಟೆಸ್ಟರೇ ಸತ್ತೋಗಿದ್ರೆ ನಂಗ್ಯಾರಪ್ಪ ಹೇಳ್ತಾರೆ?” ಅಂದರು. ನಾಲ್ಕು ವರ್ಷದ ಬಿ.ಇ.ಯಲ್ಲಿ ಇದನ್ನು ಓದಿದ್ದೇನೋ ಇಲ್ಲವೋ, ಮನಸ್ಸಿಗೆ ಹತ್ತಿದ್ದು ಆವತ್ತು. ಬರೀ ಟೆಸ್ಟರ್ ನಂಬದೆ ಟೆಸ್ಟ್ ಲ್ಯಾಂಪೂ ಹಿಡಿದರು. ಫೇಸ್‌ಗೂ ನ್ಯೂಟ್ರಲ್‌ಗೂ ಹಿಡಿದಾಗ ಲ್ಯಾಂಪ್ ಹತ್ತಲಿಲ್ಲ ಅಂದ ಮಾತ್ರಕ್ಕೆ ಕರೆಂಟ್ ಇಲ್ಲ ಅನ್ನುವ ಹಾಗಿಲ್ಲ. ನ್ಯೂಟ್ರಲ್ ತುಂಡಾಗಿದ್ದರೂ ಹತ್ತುವುದಿಲ್ಲ. ಹಾಗಾಗಿ ಅರ್ತಿಗೂ ಹಿಡಿದು ನೋಡಬೇಕು.

ಆಮೇಲೆ “ಯುಪಿಎಸ್ ಎಲ್ಲೈತೆ?” ಅಂತ ಕೇಳಿದರು. ನನಗೆ ಮರೆತೇಹೋಗಿತ್ತು. ಕರೆಂಟ್ ಹೋದ ಕೂಡಲೇ ಅಟ್ಟದ ಮೇಲಿನ ಯುಪಿಎಸ್ ಶುರುವಾಗಿ ಲೈಟಿನ ವೈರುಗಳಿಗೆ ಅದೇ 230 ವೋಲ್ಟ್ ಕೊಡುತ್ತದೆ. ಅದೇ ಬಾಕ್ಸಿನೊಳಗೆ, ಕೆಳಗಿನಿಂದ. ಈಗ ನಮ್ಮೂರಲ್ಲಿ ಸೋಲಾರ್ ಹಾಕಿಸಿದವರೂ ಇದ್ದೀರಿ, ಅದನ್ನೂ ಬಂದ್ ಮಾಡಿಸಿ.

ಜುಮ್ ಅನ್ನುತ್ತಿದ್ದದ್ದಕ್ಕೆ ಕಾರಣ ಮೆಷಿನ್ನಿನೊಳಗಿನ ಲೀಕು, ಜೊತೆಗೆ ಗುಂಡಿಯ ಹತ್ತಿರ ತುಕ್ಕು ತಿಂದು ತುಂಡಾಗಿದ್ದ ಅರ್ತಿಂಗ್ ತಂತಿ. ಎರಡನ್ನೂ ಸರಿಮಾಡಿಸಿದ್ದಾಯಿತು. ಆರ್‌ಸಿಸಿಬಿ ಇದೆ ಅಂತ ಅರ್ತಿಂಗ್ ಬಿಡುವ ಹಾಗಿಲ್ಲ, ಎಂಸಿಬಿಯನ್ನೂ ತೆಗೆಯುವ ಹಾಗಿಲ್ಲ.

ಇನ್ನೊಂದು. ಹಾಕಿಸಿದ ಮೇಲೆ ಸುಮ್ಮಸುಮ್ಮನೆ ಬೀಳುತ್ತೆ ಅಂತ ಅದನ್ನು ಬೈಪಾಸ್ ಮಾಡಿಸಿಕೊಂಡ ಮನೆಗಳನ್ನು ಇಲ್ಲೇ ನೋಡಿದ್ದೇನೆ. ಅದು ಸುಮ್ಮನೆ ಬೀಳುವುದು ಅಪರೂಪ. ಭಾಗ್ಯಜ್ಯೋತಿಯ ಒಂದು ಬಲ್ಬಿನಿಂದ ಶುರುವಾದ ವೈರಿಂಗಿಗೆ ಕೋಣೆ ಕಟ್ಟಿದಾಗಲೆಲ್ಲ ಒಂದೊಂದು ಎಳೆ ಸೇರಿಸಿದ್ದೇವೆ. ಎಲ್ಲೋ ಒಂದು ಕಡೆ ಬೇರೆ ಲೈನಿನ ನ್ಯೂಟ್ರಲ್ ಕೂಡಿಕೊಂಡಿರುತ್ತದೆ, ಇಲ್ಲವೇ ಮೋಟಾರಿಗೆ ನೀರಿಳಿದಿರುತ್ತದೆ. ಅದನ್ನು ಹುಡುಕಿಸಿ. ತಿಂಗಳಿಗೊಮ್ಮೆ ಅದರ ಮೇಲಿನ ಟೆಸ್ಟ್ ಬಟನ್ ಒತ್ತಿ, ಬೀಳದಿದ್ದರೆ ಬದಲಾಯಿಸಿ. ಯಾರಾದರೂ ಕರೆಂಟಿಗೆ ಸಿಕ್ಕಿಕೊಂಡರೆ ಮೊದಲು ಮೇನ್ ಆಫ್ ಮಾಡಿ. ಅವ್ವನ ಹಾಗೆ ಕೈಯಿಂದ ಎಳೆಯಬೇಡಿ. ಕಂಬದ ಕಡೆಯಿಂದ ಸಪ್ಲೈ ತೆಗೆಸಬೇಕಾದರೆ 1912ಕ್ಕೆ ಫೋನ್ ಮಾಡಿ.

ನಮ್ಮ ಬ್ಯಾಚಿನವರು ಸೇರಿ ಈ ಶಾಲೆಗೆ ಆರ್‌ಸಿಸಿಬಿ ಹಾಕಿಸಿ ಅರ್ತಿಂಗ್ ಸರಿಮಾಡಿಸುತ್ತಿದ್ದೇವೆ. ಕೆಲಸ ಮಾಡುವವರು ಅದೇ ವೈರ್‌ಮನ್ ಅಣ್ಣ, ನಾನು ಟಾರ್ಚ್ ಹಿಡಿಯುವವನು. ಸೋಮವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನದವರೆಗೆ ಶಾಲೆಯಲ್ಲಿ ಕರೆಂಟ್ ಇರುವುದಿಲ್ಲ, ಬೆಲ್ಲನ್ನು ಹಳೆಯ ಹಾಗೆ ಕಬ್ಬಿಣದ ತುಂಡಿನಲ್ಲಿ ಹೊಡೆಸುತ್ತೇನೆ ಅಂತ ಹೆಡ್‌ಮಾಸ್ಟರ್ ಒಪ್ಪಿದ್ದಾರೆ.