ಮನೆಯೂ ಶಾಲೆಯೂ



ಈ ಹೂಲಿಗೆ ವಿದ್ಯೆ ಹೊಸದೇನಲ್ಲ. ಹಳೆಯ ಶಾಸನಗಳು ಈ ಊರನ್ನು ಪೂಲಿ ಎಂದು ಕರೆದು, ಇಲ್ಲಿಯ ಸಾವಿರ ಮಹಾಜನರನ್ನು ಹೆಸರಿಸುತ್ತವೆ. ಇದೇ ಸವದತ್ತಿ ಸೀಮೆಯ ಶಿರಸಂಗಿಯಲ್ಲಿ ತ್ಯಾಗವೀರ ಲಿಂಗರಾಜರು (1861–1906) ಬಾಳಿದರು. ದೊಡ್ಡ ದೇಸಗತಿಯ ಒಡೆಯರಾದ ಅವರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟು ಹೋದರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿತು, ಅದರ ಒಂದು ಕಾಲೇಜು ಇಂದಿಗೂ ಲಿಂಗರಾಜರ ಹೆಸರು ಹೊತ್ತಿದೆ.

ಹಿರಿಯರು ಇಷ್ಟೆಲ್ಲ ಮಾಡಿದರು. ಆದರೆ ಒಂದು ಕೆಲಸ ಯಾವ ದಾನಿಯ ಕೈಯಲ್ಲಿಯೂ ಇಲ್ಲ. ಸಂಜೆ ಮನೆಗೆ ಬಂದ ಮಗುವನ್ನು ಹತ್ತಿರ ಕೂಡ್ರಿಸಿಕೊಂಡು, ‘ಇವತ್ತು ಏನು ಕಲಿತೆ?’ ಎಂದು ಕೇಳುವ ಕೆಲಸ ತಂದೆತಾಯಿಗಳದು.

‘ನಮಗ ಓದಾಕ ಬರೂದಿಲ್ರೀ ಅಪ್ಪಾರ, ಏನಂತ ಕೇಳೂಣು?’ ಎನ್ನುತ್ತೀರಿ. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ನಿಮಗೆ ಕೂಡಲೇ ಗೊತ್ತಾಗುತ್ತದೆ. ವೈದ್ಯ ಓದಿ ತಿಳಿದಿರೇನು? ಮಗು ಪುಸ್ತಕ ಬಿಟ್ಟದ್ದೂ ಹಾಗೆಯೇ ಗೊತ್ತಾಗಬೇಕು.

ಸರಕಾರವೂ ನಿಮ್ಮನ್ನು ಶಾಲೆಯೊಳಗೆ ಕರೆದಿದೆ. 2001ರಲ್ಲಿ ನಮ್ಮ ರಾಜ್ಯದ ಸರಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎಂದಿತು. ಆದರೆ ಯಾರೋ ಬರೆದ ಠರಾವಿಗೆ ಹೆಬ್ಬೆಟ್ಟು ಒತ್ತಿ ಬಂದರೆ ಫಲವೇನು? ಯಾವ ಮಗು ಶಾಲೆ ಬಿಟ್ಟಿದೆ, ಏಕೆ ಬಿಟ್ಟಿದೆ, ಬಿಸಿಯೂಟ ಹೇಗಿದೆ ಎಂದು ತಾಯಂದಿರು ಬಾಯಿಬಿಟ್ಟು ಕೇಳಬೇಕು.

ಗುರುಗಳಿಗೂ ಒಂದು ಮಾತು. ಹುಡುಗ ತಪ್ಪು ಮಾಡಿದಾಗ ಮಾತ್ರ ತಂದೆಯನ್ನು ಕರೆಸಿದರೆ, ಆ ತಂದೆಗೆ ಶಾಲೆ ಪೊಲೀಸ್ ಠಾಣೆಯಂತೆ ಕಾಣುತ್ತದೆ. ಮಗು ಚೆನ್ನಾಗಿ ಓದಿದ ದಿನವೂ ಕರೆಸಿರಿ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಹುಡುಗಿಯೊಬ್ಬಳು ಎರಡು ದಿನ ಬಾರದಿದ್ದರೆ, ಮೂರನೆಯ ದಿನ ಅವಳ ಮನೆಯ ಬಾಗಿಲಿಗೆ ಹೋಗಿರಿ. ಬೈಯಲಿಕ್ಕೆ ಬೇಡ, ಆ ಮನೆಯ ಅಡಚಣೆ ತಿಳಿಯಲಿಕ್ಕೆ. ಮನೆಯವರೂ ‘ನಿಮಗೇಕೆ?’ ಎನ್ನದೆ ಚಾಪೆ ಹಾಸಿ ಮಾತನಾಡಿರಿ. ಆ ದಿನದ ಕೂಲಿ ನಾಳೆಯೂ ಸಿಕ್ಕೀತು. ತಪ್ಪಿದ ಓದು ಒಮ್ಮೆ ಕೈಬಿಟ್ಟರೆ ಆ ಹುಡುಗಿ ಶಾಲೆಗೆ ಮರಳುವುದು ಕಠಿಣ.

ಬಂಡಿಗೆ ಎರಡು ಗಾಲಿ. ಒಂದು ಗಾಲಿ ಹುಗಿದು ನಿಂತರೆ ಎತ್ತಿನ ಹೆಗಲು ನೋಯುತ್ತದೆ. ಮನೆ, ಶಾಲೆಗಳು ಹಾಗೆ ನಿಂತರೆ ನೋಯುವುದು ಮಗುವಿನ ಹೆಗಲು. ನಾಳೆ ಮಗುವನ್ನು ಬಿಡಲು ಹೋದಾಗ ಗುರುಗಳೊಡನೆ ಎರಡು ಮಾತನಾಡಿ ಬನ್ನಿರಿ. ನಾವು ನಿಮ್ಮಿಂದ ಬೇಡುವ ಕಾಣಿಕೆ ಇಷ್ಟೇ.